ಎರಡು, ಎರಡು ಹಾಕಿ ನೋಡಿದ ಹುಡುಗಿ

ವಿಜಯಪುರದಲ್ಲಿ ಪಿಯುಸಿ ಮಕ್ಕಳಿಗೆ ಗಣಿತ ಹೇಳಿಕೊಡಲು ಆರಂಭಿಸಿ ಬಹಳ ವರ್ಷಗಳಾದವು. ಇಷ್ಟು ವರ್ಷಗಳಲ್ಲಿ ಒಂದು ತಪ್ಪನ್ನು ನಾನು ಎಷ್ಟು ಉತ್ತರಪತ್ರಿಕೆಗಳಲ್ಲಿ ಕೆಂಪು ಶಾಯಿಯಿಂದ ತಿದ್ದಿದ್ದೇನೋ ಲೆಕ್ಕವಿಲ್ಲ. ಆದರೆ ಆ ತಪ್ಪಿನ ಒಳಗೇನಿದೆ ಎಂಬುದನ್ನು ನಾನು ನಿಜವಾಗಿ ನೋಡಿದ್ದು ಈ ವರ್ಷ, ಇಂಡಿ ತಾಲ್ಲೂಕಿನ ಒಂದು ಹಳ್ಳಿಯಿಂದ ದಿನವೂ ಬಸ್ಸಿನಲ್ಲಿ ಬರುವ ಮೊದಲ ಪಿಯುಸಿಯ ಹುಡುಗಿಯೊಬ್ಬಳು ತನ್ನ ನೋಟುಬುಕ್ಕನ್ನು ನನ್ನ ಮುಂದೆ ತೆರೆದಿಟ್ಟಾಗ. ಲಾಗರಿದಮ್, ಅಂದರೆ ಲಾಗ್, ಲೆಕ್ಕದಲ್ಲಿ ಅವಳು ಬರೆದಿದ್ದ ಸಾಲು ಇದು:

ಲಾಗ್ (ಅ + ಬ) = ಲಾಗ್ ಅ + ಲಾಗ್ ಬ

ನಾನು ಅಭ್ಯಾಸಬಲದಿಂದ ಪೆನ್ನೆತ್ತಿ ಅಡ್ಡಗೆರೆ ಹಾಕಲು ಹೊರಟಿದ್ದೆ. ಅವಳು ತಡೆದು ಹೇಳಿದಳು: "ಸರ್, ನಾ ಹಾಕಿ ನೋಡೀನ್ರಿ. ಅ ಎರಡು, ಬ ಎರಡು. ಎರಡೂ ಕಡೆ ಬರಾಬರಿ ಬರ್ತದ್ರಿ."

ಅವಳು ಹೇಳಿದ್ದು ನಿಜವಾಗಿತ್ತು. ಎಡಗಡೆ ಲಾಗ್ 4, ಅಂದರೆ 0.6021, ಬಲಗಡೆ 0.3010 ಮತ್ತು 0.3010, ಒಟ್ಟು 0.6020. ಕೊನೆಯ ಅಂಕಿಯ ವ್ಯತ್ಯಾಸ ಲಾಗ್ ಟೇಬಲ್ಲಿನದೇ ಹೊರತು ಅವಳದಲ್ಲ. ನಿಯಮವನ್ನು ಕಂಠಪಾಠ ಮಾಡದೆ ಸಂಖ್ಯೆ ಹಾಕಿ ಪರೀಕ್ಷಿಸಬೇಕೆಂದು ತರಗತಿಯಲ್ಲಿ ಹೇಳಿದವನು ನಾನೇ. ಅವಳು ಹೇಳಿದಂತೆಯೇ ಮಾಡಿದ್ದಳು, ಮತ್ತು ಅವಳ ಕೈಗೆ ಸಿಕ್ಕಿದ್ದು ಕೂಡಿಸಿದರೂ ಗುಣಿಸಿದರೂ ಒಂದೇ ಉತ್ತರ ಕೊಡುವ ಜೋಡಿ. "ಖರೇನ ಬರ್ತದವ್ವಾ. ಈಗ ಎರಡು, ಮೂರು ಹಾಕಿ ನೋಡು" ಎಂದೆ. ಎಡಗಡೆ ಲಾಗ್ 5, ಅಂದರೆ 0.6990. ಬಲಗಡೆ 0.3010 + 0.4771 = 0.7781. ಅವಳು ಟೇಬಲ್ಲಿನಲ್ಲಿ ಬೆರಳಾಡಿಸಿ ಆ 0.7781 ಯಾರದೆಂದು ಹುಡುಕಿದಳು. ಅದಕ್ಕೆ ತೀರ ಹತ್ತಿರವಿದ್ದದ್ದು 0.7782, ಅದು ಲಾಗ್ 6. ಎರಡು ಮೂರಲೆ ಆರು. ಬಲಗಡೆಯ ಮೊತ್ತ ತಾನು ಯಾವುದರ ಲಾಗ್ ಎಂಬುದನ್ನು ತಾನೇ ಹೇಳಿಕೊಂಡಿತ್ತು.

ಮುಂದೆ ಹೋಗುವ ಮೊದಲು ಒಂದು ಮಾತು. ಕನ್ನಡ ಪಠ್ಯಪುಸ್ತಕಗಳಲ್ಲಿ ಇದಕ್ಕೆ ಲಘುಗಣಕ ಎಂಬ ಒಳ್ಳೆಯ ಹೆಸರಿದೆ. ತರಗತಿಯಲ್ಲಿ ಮಾತ್ರ ಎಲ್ಲರೂ ಲಾಗ್ ಎಂದೇ ಅನ್ನುತ್ತೇವೆ, ನಾನೂ ಹಾಗೆಯೇ ಬರೆಯುತ್ತೇನೆ. ಆಧಾರ, ಅಂದರೆ ಘಾತಕ್ಕೇರಿಸುವ ಸಂಖ್ಯೆ, ಹೇಳದಿರುವಲ್ಲೆಲ್ಲ ಅದು 10 ಎಂದು, ಅ, ಬ, ಕ ಎಂಬವು ಧನ ಸಂಖ್ಯೆಗಳೆಂದು ತಿಳಿಯಬೇಕು.

ಲಾಗ್ ಎಂಬುದು ಒಂದು ಪ್ರಶ್ನೆಗೆ ಸಿಗುವ ಉತ್ತರ: 10ನ್ನು ಎಷ್ಟನೆಯ ಘಾತಕ್ಕೇರಿಸಿದರೆ ಈ ಸಂಖ್ಯೆ ಬರುತ್ತದೆ? 100ಕ್ಕೆ ಉತ್ತರ 2, 1000ಕ್ಕೆ ಉತ್ತರ 3. ಈ ಎರಡನ್ನು ಗುಣಿಸಿದರೆ 1,00,000. ಅದರ ಉತ್ತರ 5. ಸೊನ್ನೆಗಳನ್ನು ಎಣಿಸುವ ಮಗುವಿಗೂ ಇದು ತಿಳಿಯುತ್ತದೆ, ಏಕೆಂದರೆ ಗುಣಿಸುವಾಗ ಸೊನ್ನೆಗಳು ಕೂಡಿಕೊಳ್ಳುತ್ತವೆ. ಲಾಗ್ (ಅಬ) = ಲಾಗ್ ಅ + ಲಾಗ್ ಬ ಎಂಬ ಗುಣಲಬ್ಧದ ನಿಯಮದಲ್ಲಿ ಇದಕ್ಕಿಂತ ಹೆಚ್ಚಿನದೇನೂ ಇಲ್ಲ. ಭಾಗಿಸುವಾಗ ಘಾತಗಳು ಕಳೆಯುತ್ತವೆ. ಒಂದೇ ಸಂಖ್ಯೆಯನ್ನು ಮೂರು ಸಲ ಗುಣಿಸಿದರೆ ಅದರ ಘಾತ ಮೂರು ಸಲ ಕೂಡುತ್ತದೆ, ಅದಕ್ಕೇ ಲಾಗ್ ಅ³ ಎಂದರೆ 3 ಲಾಗ್ ಅ. ಆದರೆ 100 ಮತ್ತು 1000ವನ್ನು ಗುಣಿಸದೆ ಕೂಡಿಸಿದರೆ ಬರುವುದು 1100. ಅದರ ಲಾಗ್ 3.0414. ಈ 3.0414ಕ್ಕೂ ನಮ್ಮ ಕೈಯಲ್ಲಿರುವ 2 ಮತ್ತು 3ಕ್ಕೂ ನಡುವೆ ಸರಳವಾದ ನಂಟು ಯಾವುದೂ ಇಲ್ಲ. ಕೂಡಿಸಿದ ಸಂಖ್ಯೆ ಲಾಗ್‌ನ ಮುಂದೆ ಒಂದೇ ಇಡೀ ವಸ್ತುವಾಗಿ ನಿಲ್ಲುತ್ತದೆ, ಮತ್ತು ನಾವು ಅದನ್ನು ಹಾಗೆಯೇ ಬಿಡಬೇಕಾಗುತ್ತದೆ.

ಹಾಗಾದರೆ ಮಕ್ಕಳು ಅದನ್ನು ಒಡೆಯುವುದೇಕೆ? ನನ್ನ ಅನುಭವದಲ್ಲಿ ಇದು ಅಸಡ್ಡೆಯಿಂದ ಆಗುವ ತಪ್ಪಲ್ಲ. ಐದು ವರ್ಷಗಳಿಂದ ಅವರು 5(ಅ + ಬ) ಎಂಬುದನ್ನು 5ಅ + 5ಬ ಎಂದು ಬಿಡಿಸುತ್ತ ಬಂದಿದ್ದಾರೆ. ಕೈಗೆ ಆ ರೂಢಿ ಕೂತುಬಿಟ್ಟಿದೆ. ಲಾಗ್ (ಅ + ಬ) ಕಂಡಾಗ ಕಣ್ಣಿಗೆ ಆ 5ರ ಜಾಗದಲ್ಲಿ ಲಾಗ್ ಕೂತಂತೆ ಕಾಣುತ್ತದೆ. ಆದರೆ ಲಾಗ್ ಎಂಬುದು ಗುಣಿಸುವ ಸಂಖ್ಯೆಯಲ್ಲ, ಮುಂದಿರುವ ಸಂಖ್ಯೆಯ ಮೇಲೆ ನಡೆಸುವ ಒಂದು ಕ್ರಿಯೆ. ಇದನ್ನು ಮೊದಲ ದಿನವೇ ಬಾಯಿಬಿಟ್ಟು ಹೇಳದೆ ನಾಲ್ಕು ನಿಯಮಗಳನ್ನು ಬೋರ್ಡಿನ ಮೇಲೆ ಚೌಕಟ್ಟು ಹಾಕಿ ಬರೆದುಬಿಡುವ ನಮ್ಮ ಪದ್ಧತಿಯೇ ಈ ತಪ್ಪನ್ನು ಸಾಕುತ್ತದೆ ಎಂದು ನಾನು ನಂಬಿದ್ದೇನೆ.

ಈಗ ನಾನು ನಿಯಮಗಳನ್ನು ಆಮೇಲೆ ಹೇಳುತ್ತೇನೆ. ಮೊದಲು ಬುತ್ತಿಗಂಟಿನ ಮಾತು ಎತ್ತುತ್ತೇನೆ. ಹಳ್ಳಿಯಿಂದ ಬರುವ ಮಕ್ಕಳಿಗೆ ಅದು ಹೊಸದಲ್ಲ. ಅವ್ವ ಬೆಳಿಗ್ಗೆ ಮೊದಲು ರೊಟ್ಟಿಯ ಮೇಲೆ ಪಲ್ಯ, ಶೇಂಗಾ ಹಿಂಡಿ ಇಟ್ಟು ಮಡಚುತ್ತಾಳೆ, ಅದನ್ನು ಕಾಗದದಲ್ಲಿ ಸುತ್ತುತ್ತಾಳೆ, ಕೊನೆಗೆ ಅರಿವೆಯಲ್ಲಿಟ್ಟು ಗಂಟು ಹಾಕುತ್ತಾಳೆ. ಮಧ್ಯಾಹ್ನ ಬಿಚ್ಚುವಾಗ ಮೊದಲು ಬಿಚ್ಚುವುದು ಕೊನೆಗೆ ಹಾಕಿದ ಗಂಟನ್ನು. ಲಾಗ್‌ನ ಒಳಗಿರುವ ಉಕ್ತಿಯನ್ನೂ ಹೀಗೆಯೇ ನೋಡಬೇಕು: ಅ, ಬ, ಕಗಳಿಗೆ ಬೆಲೆ ಕೊಟ್ಟು ಲೆಕ್ಕ ಮಾಡಲು ಕೂತರೆ ಯಾವ ಕ್ರಿಯೆಯನ್ನು ಎಲ್ಲಕ್ಕಿಂತ ಕೊನೆಗೆ ಮಾಡುತ್ತೀರಿ? ಮೊದಲು ಬಿಚ್ಚಬೇಕಾದದ್ದು ಅದನ್ನೇ. ಆ ಕೊನೆಯ ಕ್ರಿಯೆ ಕೂಡುವುದೋ ಕಳೆಯುವುದೋ ಆಗಿದ್ದರೆ ಅಲ್ಲಿಗೆ ಕೈ ನಿಲ್ಲಿಸಬೇಕು, ಅದು ಲಾಗ್ ಬಿಚ್ಚಲಾರದ ಗಂಟು.

ಒಂದನ್ನು ಪೂರ್ತಿಯಾಗಿ ಬಿಡಿಸಿ ತೋರಿಸುತ್ತೇನೆ.

ಲಾಗ್ √[100ಅ³ ÷ (ಬ²(ಕ + 1))]

ಇಲ್ಲಿ ಕೊನೆಯ ಕ್ರಿಯೆ ವರ್ಗಮೂಲ ತೆಗೆಯುವುದು. ವರ್ಗಮೂಲವೆಂದರೆ ½ ಘಾತ. ಆದ್ದರಿಂದ ½ ಹೊರಗೆ ಬರುತ್ತದೆ, ಮತ್ತು ಒಳಗಿನ ಎಲ್ಲಕ್ಕೂ ಅದು ಅನ್ವಯಿಸುವುದರಿಂದ ದೊಡ್ಡ ಕಂಸ ಹಾಕಲೇಬೇಕು. ಅದರ ಹಿಂದಿನ ಕ್ರಿಯೆ ಭಾಗಾಕಾರ:

½ [ಲಾಗ್ (100ಅ³) − ಲಾಗ್ (ಬ²(ಕ + 1))]

ಅದರ ಹಿಂದಿನವು ಎರಡು ಗುಣಾಕಾರಗಳು. ಮೇಲಿನ ಅಂಶದಲ್ಲಿ ತೊಡಕಿಲ್ಲ. ಕೆಳಗಿನ ಛೇದವನ್ನು ಬಿಡಿಸುವಾಗ ಅಲ್ಲಿರುವ ಎರಡೂ ಅಪವರ್ತನಗಳಿಗೆ ಋಣ ಚಿಹ್ನೆ ಬರಬೇಕು:

½ [ಲಾಗ್ 100 + ಲಾಗ್ ಅ³ − ಲಾಗ್ ಬ² − ಲಾಗ್ (ಕ + 1)]

ಇನ್ನು ಘಾತಗಳು ಮುಂದೆ ಬರುತ್ತವೆ, ಲಾಗ್ 100 ಎಂದರೆ 2. ಎಲ್ಲ ಸೇರಿ:

1 + (3/2) ಲಾಗ್ ಅ − ಲಾಗ್ ಬ − ½ ಲಾಗ್ (ಕ + 1)

ಕೊನೆಯ ಪದದಲ್ಲಿ ಕ + 1 ಹಾಗೆಯೇ ಉಳಿಯಿತು. ಮಕ್ಕಳು ಅಲ್ಲಿಗೆ ಬಂದು ಅಳುಕುತ್ತಾರೆ, ಇನ್ನೂ ಏನೋ ಮಾಡುವುದಿದೆ ಎಂದುಕೊಂಡು ಲಾಗ್ ಕ + ಲಾಗ್ 1 ಎಂದು ಬರೆದು ಸರಿಯಾಗಿದ್ದ ಲೆಕ್ಕವನ್ನು ಕೆಡಿಸುತ್ತಾರೆ. ನಿಲ್ಲಬೇಕಾದ ಕಡೆ ನಿಲ್ಲುವ ಧೈರ್ಯವನ್ನೂ ನಾವು ಕಲಿಸಬೇಕು. ಪರೀಕ್ಷಿಸಬೇಕೆನಿಸಿದರೆ ಅ = 4, ಬ = 2, ಕ = 3 ಎಂದು ಹಾಕಿ ನೋಡಬಹುದು. ಮೂಲ ಉಕ್ತಿ 400ರ ವರ್ಗಮೂಲ, ಅಂದರೆ 20. ಅದರ ಲಾಗ್ 1.3010. ಬಿಡಿಸಿದ ರೂಪದಲ್ಲಿ, ಲಾಗ್ 4ಕ್ಕೆ 2 ಲಾಗ್ 2 ಎಂದರೆ 0.6020 ತೆಗೆದುಕೊಂಡರೆ, 1 + 0.9030 − 0.3010 − 0.3010, ಅದೂ 1.3010.

ಕೂಡುವ ಕಳೆಯುವ ಗಂಟುಗಳಲ್ಲಿಯೂ ಕೆಲವು ಬೇರೆ ದಾರಿಯಿಂದ ಬಿಚ್ಚುತ್ತವೆ ಎಂಬುದನ್ನು ಇಲ್ಲಿಯೇ ಹೇಳಬೇಕು. ಲಾಗ್ (ಅ² − ಬ²) ನೋಡಲು ವ್ಯತ್ಯಾಸ. ಆದರೆ ಅದು (ಅ + ಬ)(ಅ − ಬ) ಎಂಬ ಗುಣಲಬ್ಧವೂ ಹೌದು, ಆದ್ದರಿಂದ ಅ ಬಗಿಂತ ದೊಡ್ಡದಾಗಿದ್ದರೆ ಲಾಗ್ (ಅ + ಬ) + ಲಾಗ್ (ಅ − ಬ) ಎಂದು ಬಿಡಿಸಬಹುದು. ಅದನ್ನು 2 ಲಾಗ್ ಅ − 2 ಲಾಗ್ ಬ ಎಂದು ಬರೆದರೆ ಅದು (ಅ ÷ ಬ)²ದ ಲಾಗ್ ಆಗಿಹೋಗುತ್ತದೆ. ಹಾಗೆಯೇ ಲಾಗ್ (ಅ ÷ ಬ) ಬೇರೆ, (ಲಾಗ್ ಅ) ÷ (ಲಾಗ್ ಬ) ಬೇರೆ. ಲಾಗ್ ಅ² ಬೇರೆ, (ಲಾಗ್ ಅ)² ಬೇರೆ. ಕಂಸ ಎಲ್ಲಿ ಮುಚ್ಚುತ್ತದೆ ಎಂಬುದನ್ನು ಬೆರಳಿಟ್ಟು ಓದುವ ರೂಢಿ ಇದ್ದರೆ ಇವು ಗೊಂದಲ ಮಾಡುವುದಿಲ್ಲ. ಅ ಋಣ ಸಂಖ್ಯೆಯಾಗಿರಬಹುದಾದ ಕಡೆ ಇನ್ನೊಂದು ಎಚ್ಚರ ಬೇಕು: ಅ = −5 ಆದರೆ ಲಾಗ್ ಅ² ಎಂಬುದು ಲಾಗ್ 25, ಅದಕ್ಕೆ ಬೆಲೆಯಿದೆ; 2 ಲಾಗ್ (−5)ಕ್ಕೆ ನಾವು ಕಲಿಯುವ ಸಂಖ್ಯೆಗಳಲ್ಲಿ ಬೆಲೆಯೇ ಇಲ್ಲ.

ಇಷ್ಟೆಲ್ಲ ಬಿಡಿಸುವುದು ಯಾಕೆ ಎಂದು ಕೇಳುವ ಮಕ್ಕಳನ್ನು ನಾನು ಮೆಚ್ಚುತ್ತೇನೆ, ಏಕೆಂದರೆ ಆ ಪ್ರಶ್ನೆಗೆ ನಾಲ್ಕುನೂರು ವರ್ಷಗಳ ಉತ್ತರವಿದೆ. ಸ್ಕಾಟ್‌ಲೆಂಡಿನ ಜಾನ್ ನೇಪಿಯರ್ ತನ್ನ ಲಘುಗಣಕಗಳನ್ನು ಪ್ರಕಟಿಸಿದ್ದು 1614ರಲ್ಲಿ. ಅವನ ಮೊದಲ ಕೋಷ್ಟಕದಲ್ಲಿ 1ರ ಲಘುಗಣಕ ಸೊನ್ನೆಯಾಗಿರಲಿಲ್ಲ. ಹಾಗಾಗಿ ಗುಣಲಬ್ಧವನ್ನು ಬಿಡಿಸಿದಾಗಲೆಲ್ಲ ಒಂದು ಸ್ಥಿರ ಸಂಖ್ಯೆಯನ್ನು ಕಳೆಯಬೇಕಾಗುತ್ತಿತ್ತು. ಲಂಡನ್ನಿನ ಹೆನ್ರಿ ಬ್ರಿಗ್ಸ್ ಮರುವರ್ಷ ಎಡಿನ್‌ಬರೊಗೆ ಹೋಗಿ ಅವನನ್ನು ಕಂಡ. 1ರ ಲಾಗ್ 0, 10ರ ಲಾಗ್ 1 ಆಗಿರಬೇಕೆಂದು ಇಬ್ಬರೂ ಒಪ್ಪಿದರು. ನಮ್ಮ ನಿಯಮ ಇಷ್ಟು ನೇರವಾಗಿರುವುದು ಆ ಒಪ್ಪಂದದಿಂದ. ನೇಪಿಯರ್ ತೀರಿಕೊಂಡ 1617ರಲ್ಲಿಯೇ ಬ್ರಿಗ್ಸ್ 1ರಿಂದ 1000ದವರೆಗಿನ ಸಂಖ್ಯೆಗಳ ಲಾಗ್‌ಗಳನ್ನು 14 ದಶಮಾಂಶ ಸ್ಥಾನಗಳವರೆಗೆ ಅಚ್ಚು ಹಾಕಿಸಿದ.

ಸಾವಿರ ಸಂಖ್ಯೆಗಳು, ಪ್ರತಿಯೊಂದಕ್ಕೂ 14 ಸ್ಥಾನ, ಯಂತ್ರವಿಲ್ಲ. ಆದರೆ 1000ದೊಳಗೆ ಅವಿಭಾಜ್ಯ ಸಂಖ್ಯೆಗಳಿರುವುದು 168 ಮಾತ್ರ. ಆ 168ರ ಲಾಗ್ ಗೊತ್ತಾದರೆ ಉಳಿದದ್ದೆಲ್ಲ ಬಿಡಿಸುವುದರಿಂದ, ಅಂದರೆ ಕೂಡುವುದರಿಂದ, ಸಿಗುತ್ತದೆ. ತರಗತಿಯಲ್ಲಿ ಇದನ್ನು ಕೈಯಾರೆ ಮಾಡಿಸುವುದು ನನಗೆ ಬಹಳ ಇಷ್ಟದ ಕೆಲಸ. ಲಾಗ್ 2 = 0.3010, ಲಾಗ್ 3 = 0.4771, ಈ ಎರಡನ್ನೇ ಬೋರ್ಡಿನ ಮೇಲೆ ಬರೆದು ಉಳಿದದ್ದನ್ನು ಹುಡುಕಲು ಹೇಳುತ್ತೇನೆ. 4, 6, 8, 9 ತಕ್ಷಣ ಬರುತ್ತವೆ. 5ರ ಹತ್ತಿರ ತಡವರಿಸುತ್ತಾರೆ. ಯಾರಾದರೊಬ್ಬರು ಅದು 10 ÷ 2 ಎಂದು ಕೂಗುತ್ತಾರೆ, 1 − 0.3010 = 0.6990. 7 ಮಾತ್ರ ಯಾವ ಗುಣಾಕಾರಕ್ಕೂ ಸಿಕ್ಕುವುದಿಲ್ಲ. ಆಗ ನಾನು 7⁴ ಎಷ್ಟೆಂದು ಕೇಳುತ್ತೇನೆ. 2401. ಅದರ ಪಕ್ಕದ 2400 ಎಂದರೆ 2³ × 3 × 100. ಅದರ ಲಾಗ್ 0.9030 + 0.4771 + 2 = 3.3801; ನಾಲ್ಕರಿಂದ ಭಾಗಿಸಿದರೆ 0.8450. ಟೇಬಲ್ ತೆಗೆದು ನೋಡಿದರೆ ಲಾಗ್ 7 ಇರುವುದು 0.8451. ಆ ಕ್ಷಣ ತರಗತಿಯಲ್ಲಿ ಉಂಟಾಗುವ ಮೌನವನ್ನು ನಾನು ಪ್ರತಿ ವರ್ಷ ಕಾಯುತ್ತೇನೆ.

ಟೇಬಲ್ಲಿನ ಕೊನೆಯ ಅಂಕಿಯ ಬಗ್ಗೆ ಒಬ್ಬ ಹುಡುಗ ಕೇಳಿದ್ದೂ ನೆನಪಾಗುತ್ತದೆ. 72 ಎಂದರೆ 2³ × 3², ಬಿಡಿಸಿದರೆ 0.9030 + 0.9542 = 1.8572. ಟೇಬಲ್ಲಿನಲ್ಲಿ 1.8573. ನಿಯಮ ತಪ್ಪೋ ಪುಸ್ತಕ ತಪ್ಪೋ ಎಂಬುದು ಅವನ ಪ್ರಶ್ನೆ. ಎರಡೂ ತಪ್ಪಲ್ಲ. ಲಾಗ್ 2 ನಿಜವಾಗಿ 0.30103, ಲಾಗ್ 3 ನಿಜವಾಗಿ 0.47712, ನಾಲ್ಕು ಸ್ಥಾನಗಳಿಗೆ ಕತ್ತರಿಸಿದಾಗ ಬಿಟ್ಟುಹೋದ ಚೂರುಗಳು ಮೂರು ಪಟ್ಟು, ಎರಡು ಪಟ್ಟು ಆಗಿ ಸೇರಿದರೆ 0.00013. ಕೊನೆಯ ಸ್ಥಾನದ ಆ ಒಂದು ಅಲ್ಲಿ ಕಳೆದುಹೋಗಿತ್ತು. ಘಾತ ಮುಂದೆ ಬಂದು ಗುಣಿಸುವಾಗ ತನ್ನೊಂದಿಗೆ ದೋಷವನ್ನೂ ಗುಣಿಸುತ್ತದೆ ಎಂಬುದು ಪ್ರಯೋಗಾಲಯದಲ್ಲಿ ಮುಂದೆ ಅವರಿಗೆ ಬೇಕಾಗುವ ಮಾತು.

ಪ್ರಯೋಗಾಲಯದಲ್ಲಿ ಸರಳ ಲೋಲಕದಿಂದ ಗುರುತ್ವ ವೇಗೋತ್ಕರ್ಷ ಕಂಡುಹಿಡಿಯುವಾಗ ಸೂತ್ರ 4π² × ಉದ್ದ ÷ (ಆವರ್ತಕಾಲ)². ಉದ್ದ 100 ಸೆಂಟಿಮೀಟರ್, ಆವರ್ತಕಾಲ 2.01 ಸೆಕೆಂಡ್ ಬಂದಿದೆ ಎನ್ನೋಣ. ಲಾಗ್ ಹಾಕಿ ಬಿಡಿಸಿದರೆ 1.5964 + 2 − 2 × 0.3032 = 2.9900, ಅದರ ಆಂಟಿಲಾಗ್, ಅಂದರೆ 10ನ್ನು ಆ ಘಾತಕ್ಕೇರಿಸಿದರೆ ಬರುವ ಸಂಖ್ಯೆ, 977.2. ಅದೇ ಬಿಡಿಸಿದ ಸಾಲು ಇನ್ನೊಂದನ್ನೂ ಹೇಳುತ್ತದೆ. ಉದ್ದದ ಲಾಗ್ ಮುಂದೆ 1 ಇದೆ, ಆವರ್ತಕಾಲದ ಲಾಗ್ ಮುಂದೆ 2 ಇದೆ. ಆದ್ದರಿಂದ ಕಾಲವನ್ನು ಅಳೆಯುವಲ್ಲಿ ಆದ ಶೇಕಡಾ 1ರ ದೋಷ ಉತ್ತರದಲ್ಲಿ ಶೇಕಡಾ 2 ಆಗುತ್ತದೆ. ಇಪ್ಪತ್ತು ಆಂದೋಲನ ಎಣಿಸುವಾಗ ಪಕ್ಕದವರೊಡನೆ ಮಾತಾಡಬೇಡಿರೆಂದು ಪ್ರಯೋಗಾಲಯದಲ್ಲಿ ಗದರಿಸುವುದಕ್ಕೆ ಕಾರಣ ಆ 2.

ಬಿಡಿಸುವ ಈ ಬುದ್ಧಿ ಯುರೋಪಿನಲ್ಲಿ ಮಾತ್ರ ಹುಟ್ಟಿದ್ದಲ್ಲ ಎಂಬುದನ್ನು ನಮ್ಮ ಮಕ್ಕಳಿಗೆ ಹೇಳದೆ ನಾನು ಈ ಪಾಠ ಮುಗಿಸುವುದಿಲ್ಲ. ರಾಷ್ಟ್ರಕೂಟರ ಕಾಲದಲ್ಲಿ ಜೈನಾಚಾರ್ಯ ವೀರಸೇನರು ಷಟ್ಖಂಡಾಗಮವೆಂಬ ಜೈನ ಗ್ರಂಥಕ್ಕೆ ಬರೆದ ಧವಲಾ ಟೀಕೆಯಲ್ಲಿ ಅರ್ಧಚ್ಛೇದ ಎಂಬ ಮಾತು ಬರುತ್ತದೆ: ಒಂದು ಸಂಖ್ಯೆಯನ್ನು ಎಷ್ಟು ಸಲ ಅರ್ಧ ಮಾಡಬಹುದೋ ಅಷ್ಟು ಅದರ ಅರ್ಧಚ್ಛೇದ. 32 ಮೊಳದ ಹಗ್ಗವನ್ನು ಅರ್ಧ ಮಾಡುತ್ತ ಹೋದರೆ ಐದನೆಯ ಸಲಕ್ಕೆ ಒಂದು ಮೊಳ ಉಳಿಯುತ್ತದೆ, 8 ಮೊಳದ್ದು ಮೂರನೆಯ ಸಲಕ್ಕೆ. 32 × 8 = 256ರದ್ದು ಎಂಟು. ಗುಣಲಬ್ಧದ ಅರ್ಧಚ್ಛೇದ ಎಂದರೆ ಅರ್ಧಚ್ಛೇದಗಳ ಮೊತ್ತ, ಭಾಗಲಬ್ಧದ್ದು ಅವುಗಳ ವ್ಯತ್ಯಾಸ ಎಂಬ ನಿಯಮಗಳೂ ಅಲ್ಲಿವೆ. ನಾವು ಇಂದು ಆಧಾರ 2ರ ಲಾಗ್ ಎನ್ನುವುದು ಅದನ್ನೇ. ಆ ಗ್ರಂಥದ ತಾಳೆಗರಿಗಳು ಶತಮಾನಗಳ ಕಾಲ ಉಳಿದುಬಂದದ್ದು ಮೂಡುಬಿದಿರೆಯ ಬಸದಿಯಲ್ಲಿ, ಕನ್ನಡ ಲಿಪಿಯಲ್ಲಿ.

ಅರ್ಧ ಮಾಡುವ ಮಾತು ಬಂದರೆ ನಮ್ಮ ಊರಿನಲ್ಲಿ ಗೋಲಗುಮ್ಮಟದ ಮಾತು ಬರಲೇಬೇಕು. ಮೇಲಿನ ಪಿಸುಮಾತಿನ ಗ್ಯಾಲರಿಯಲ್ಲಿ ಚಪ್ಪಾಳೆ ತಟ್ಟಿದರೆ ಏಳು ಸಲ ಕೇಳುತ್ತದೆ ಎಂದು ಅಲ್ಲಿಯ ಗೈಡುಗಳು ಹೇಳುತ್ತಾರೆ. ಶಬ್ದದ ಮಟ್ಟವನ್ನು ಡೆಸಿಬೆಲ್‌ನಲ್ಲಿ ಅಳೆಯುವ ಸೂತ್ರ 10 ಲಾಗ್ (ತೀವ್ರತೆ ÷ ಆಧಾರ ತೀವ್ರತೆ). ಪ್ರತಿ ಸಲ ತೀವ್ರತೆ ಅರ್ಧವಾಗುತ್ತದೆ ಎಂದು ಇಟ್ಟುಕೊಂಡರೆ ಏಳನೆಯ ಸಲಕ್ಕೆ ಅದನ್ನು 2⁷ರಿಂದ ಭಾಗಿಸಿದಂತಾಯಿತು. ಬಿಡಿಸಿದರೆ ಮೊದಲಿನ ಮಟ್ಟದಿಂದ 10 × 7 × ಲಾಗ್ 2, ಅಂದರೆ ಸುಮಾರು 21 ಡೆಸಿಬೆಲ್ ಕಳೆಯಬೇಕು. ತೀವ್ರತೆ 128ನೆಯ ಒಂದು ಪಾಲಿಗೆ ಇಳಿದರೂ ಕಿವಿಗೆ ಅದು ಇನ್ನೂ ಕೇಳುವಷ್ಟಿರುತ್ತದೆ. ಭಾಗಾಕಾರವೆಲ್ಲ ಕಳೆಯುವ ಲೆಕ್ಕವಾಗಿ, ಒಂದೊಂದು ಅರ್ಧಕ್ಕೆ ಮೂರು ಮೂರರಂತೆ ಮೆಟ್ಟಿಲಿಳಿದ ಹಾಗೆ ಎಣಿಸಬಹುದಾದದ್ದು ಲಾಗ್‌ನಿಂದ.

ಆ ಹುಡುಗಿ ಮರುವಾರ ಮತ್ತೆ ಬಂದಳು. ನೋಟುಬುಕ್ಕಿನ ಹಿಂಬದಿಯಲ್ಲಿ ಎರಡು ಸಾಲಿನ ಪಟ್ಟಿ: 2ಕ್ಕೆ 2, 3ಕ್ಕೆ 1.5, 5ಕ್ಕೆ 1.25, 11ಕ್ಕೆ 1.1. ಪ್ರತಿ ಜೋಡಿಯನ್ನೂ ಕೂಡಿಸಿ, ಗುಣಿಸಿ ಪಕ್ಕದಲ್ಲಿ ಬರೆದಿದ್ದಳು. 11 ಮತ್ತು 1.1ರ ಮುಂದೆ ಎರಡೂ ಕಡೆ 12.1. ಅ + ಬ = ಅಬ ಎಂಬ ಸಮೀಕರಣವನ್ನು ಬಿಡಿಸಿ ಬ = ಅ ÷ (ಅ − 1) ಎಂದು ತಾನೇ ಕಂಡುಕೊಂಡಿದ್ದಳು. ನಾನು ಹೊಡೆದುಹಾಕಲು ಹೊರಟಿದ್ದ ಸಾಲು ಯಾವ ಯಾವ ಜೋಡಿಗಳಿಗೆ ನಿಜ ಎಂಬುದರ ಪೂರ್ಣ ಉತ್ತರ ಅದು. ಪಟ್ಟಿಯ ಮೇಲ್ಗಡೆ 1 ಎಂದು ಬರೆದು ಮುಂದೆ ಜಾಗ ಖಾಲಿ ಬಿಟ್ಟಿದ್ದಳು.

"ಸರ್, ಒಂದಕ್ಕ ಜೋಡಿ ಸಿಗವಲ್ದ್ರಿ" ಎಂದಳು.

"ಒಂದರ ಲಾಗ್ ಎಷ್ಟವ್ವಾ?" ಎಂದು ಕೇಳಿದೆ.

ಸೊನ್ನೆ ಎಂದಳು. ಹಾಗಾದರೆ ಬಲಗಡೆ ಉಳಿಯುವುದು ಲಾಗ್ ಬ ಮಾತ್ರ, ಎಡಗಡೆ ಲಾಗ್ (1 + ಬ). ಅವಳು ಸ್ವಲ್ಪ ಹೊತ್ತು ಆ ಸಾಲನ್ನೇ ನೋಡುತ್ತ ಕೂತಳು. ಆಮೇಲೆ ಪೆನ್ಸಿಲ್ ತೆಗೆದುಕೊಂಡು ಖಾಲಿ ಜಾಗದಲ್ಲಿ ಒಂದು ಸಣ್ಣ ಗೆರೆ ಎಳೆದಳು.